ಬೇಲಿ ಆರಿಸಿದ ರಾತ್ರಿ

1037.55. ನಮ್ಮ ತೋಟದ ಕಾಫಿ ಎಲೆಗಳ ಉಷ್ಣತೆ ಇಷ್ಟು ಡಿಗ್ರಿ ಸೆಲ್ಸಿಯಸ್ ಎಂದು ಫೈಲಿನಲ್ಲಿ ಸಾಲುಸಾಲಾಗಿ ದಾಖಲಾಗಿತ್ತು. ಬೆಳ್ಳಿ ಕರಗುವುದಕ್ಕೂ ಅಷ್ಟು ಶಾಖ ಬೇಡ. ಕಂಪ್ಯೂಟರ್ ಪರದೆಯಲ್ಲಿ ಆ ಅಂಕಿ ಮೇಲಿನಿಂದ ಕೆಳಗೆ ಇಳಿಯುತ್ತಲೇ ಇದ್ದರೆ, ಹಿಂದೆ ನಿಂತು ನೋಡುತ್ತಿದ್ದ ಚಿಕ್ಕಪ್ಪ ಏನೂ ಹೇಳದೆ ಹೊರಗೆ ಹೋದರು. ಆ ಮೌನಕ್ಕಿಂತ ಅವರು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆ ಅಂಕಿಯ ಹಿಂದೆ ಲೆಕ್ಕವಿದೆ. ಇನ್‌ಫ್ರಾರೆಡ್ ಸೆನ್ಸರ್, ಅಂಕಿ ಬರೆದಿಡುವ ಲಾಗರ್‌ಗೆ ಕಳಿಸುವುದು ಬರೀ ಒಂದು ಪೂರ್ಣಾಂಕ. ಅದನ್ನು 0.02ರಿಂದ ಗುಣಿಸಿ 273.15 ಕಳೆದರೆ ಡಿಗ್ರಿ ಸಿಗುತ್ತದೆ. ನಡುವೆ ತಂತಿಯಲ್ಲಿ ಮಾತು ಕೆಟ್ಟು ಉತ್ತರವೇ ಬಾರದಿದ್ದರೆ ಲಾಗರ್ ಹದಿನಾರು ಬಿಟ್‌ಗಳನ್ನೂ ಒಂದು ಎಂದೇ ಓದಿಕೊಳ್ಳುತ್ತದೆ. ಅಂದರೆ 65535. ಗುಣಿಸಿ ಕಳೆದು ನೋಡಿ, 1037.55 ಬರುತ್ತದೆ. ಸೆನ್ಸರ್ ಕೈಗೆ ಸಿಕ್ಕಿಲ್ಲ ಎನ್ನುವುದನ್ನು ಯಂತ್ರ ಹೇಳುವ ರೀತಿ ಅದು. ಇದು ನನಗೆ ಗೊತ್ತಿತ್ತು. ಯಾಕೆ ಸಿಗುತ್ತಿಲ್ಲ ಎನ್ನುವುದು ಗೊತ್ತಿರಲಿಲ್ಲ.

ನಮ್ಮ ತೋಟ ಇರುವುದು ಬೇಲೂರಿನಿಂದ ಬಿಕ್ಕೋಡಿನ ಕಡೆಗೆ. ಸಿಲ್ವರ್ ಮರ, ಹಾಲುವಾಣ, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ. ತೋಟದ ತಗ್ಗಿನಲ್ಲಿ ಒಂದು ಕೆರೆ, ಕೆರೆಯಾಚೆ ಗದ್ದೆ ಬಯಲು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದರು. 2024ರ ಫೆಬ್ರವರಿ ಹೊತ್ತಿಗೆ ನಮ್ಮ ಕೆರೆಯ ನೀರು ಕಲ್ಲುಕಟ್ಟೆ ಬಿಟ್ಟು ಎಷ್ಟೋ ಕೆಳಗಿಳಿದಿತ್ತು. ಅದೇ ವರ್ಷ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಬೆಲೆ ಇರುವಾಗ ಬೆಳೆ ಇಲ್ಲವಾದರೆ ಏನು ಸಂಕಟ ಎಂದು ಬೆಳೆಗಾರರ ಮನೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ.

ರೊಬಸ್ಟಾ ಗಿಡ ಬೇಸಿಗೆಯಲ್ಲಿ ಮೊಗ್ಗು ಹಿಡಿದು ನಿದ್ದೆ ಮಾಡುತ್ತದೆ. ಹೂ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು, ಅದನ್ನು ಬ್ಯಾಕಿಂಗ್ ಎನ್ನುತ್ತೇವೆ. ಮಳೆ ಬಾರದಿದ್ದರೆ ಜೆಟ್, ಅಂದರೆ ಸ್ಪ್ರಿಂಕ್ಲರ್, ಹಾಕಬೇಕು. ಎಕರೆಗೆ ಒಂದು ಇಂಚು ನೀರು ಕೊಡುವುದೆಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು. ನಮ್ಮ ಕೆರೆಯಲ್ಲಿ ಉಳಿದಿದ್ದ ನೀರಿಗೆ ಇಡೀ ತೋಟವನ್ನು ಎರಡು ಸಲ ನೆನೆಸುವ ಶಕ್ತಿ ಇರಲಿಲ್ಲ. ಯಾವ ಭಾಗಕ್ಕೆ ಮೊದಲು, ಯಾವ ವಾರದಲ್ಲಿ, ಯಾವ ಭಾಗ ಇನ್ನೂ ತಡೆದುಕೊಳ್ಳಬಲ್ಲದು, ಇದನ್ನು ತಿಳಿಯುವುದಕ್ಕಾಗಿಯೇ ನಾನು ಸೆನ್ಸರ್ ತಂದದ್ದು. ಎಲೆಕ್ಟ್ರಾನಿಕ್ಸ್ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡಿ, ಅಪ್ಪನ ಆರೋಗ್ಯ ಕೆಟ್ಟ ಮೇಲೆ ಊರಿಗೆ ಬಂದವಳು ನಾನು. ತೋಟಕ್ಕೆ ನನ್ನಿಂದ ಆಗುವುದು ಇದೊಂದು ಎಂದು ನಂಬಿದ್ದೆ.

ಬೇಲೂರು ಚೆನ್ನಕೇಶವನ ಅಂಗಳದಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ನಡೆದವರಿಗೆ ಒಂದು ವಿಷಯ ಪಾದದಿಂದಲೇ ಗೊತ್ತಿರುತ್ತದೆ: ಗಾಳಿಯ ಬಿಸಿ ಬೇರೆ, ಕಲ್ಲಿನ ಬಿಸಿ ಬೇರೆ. ಎಲೆಯದೂ ಹಾಗೇ. ಬೇರಿಗೆ ನೀರು ಸಿಗುತ್ತಿದ್ದರೆ ಎಲೆ ತನ್ನ ಸಣ್ಣ ರಂಧ್ರಗಳಿಂದ ಆವಿ ಬಿಟ್ಟು ತಂಪಾಗಿರುತ್ತದೆ. ನೀರು ಸಾಲದಾದಾಗ ರಂಧ್ರ ಮುಚ್ಚಿಕೊಳ್ಳುತ್ತದೆ, ಎಲೆ ಗಾಳಿಗಿಂತ ಬಿಸಿಯಾಗುತ್ತದೆ. ಅಮೆರಿಕದ ಅರಿಝೋನಾದಲ್ಲಿ ಇಡ್ಸೊ ಮತ್ತು ಜಾಕ್ಸನ್ ಎಂಬ ವಿಜ್ಞಾನಿಗಳು 1981ರಲ್ಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು, ಎಲೆ ಮತ್ತು ಗಾಳಿಯ ಈ ವ್ಯತ್ಯಾಸದಿಂದ ಬೆಳೆಯ ಬಾಯಾರಿಕೆಯನ್ನು ಅಳೆಯುವ ಸೂಚ್ಯಂಕ ಕಟ್ಟಿಕೊಟ್ಟರು. ಅಂದು ದುಬಾರಿಯಾಗಿದ್ದ ಆ ಅಳತೆ ಇಂದು ಬೆರಳ ತುದಿಯಷ್ಟು ಗಾತ್ರದ ಸೆನ್ಸರ್‌ನಲ್ಲಿ ಆಗುತ್ತದೆ. ಕೋವಿಡ್ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರೊಳಗೆ ಇರುವುದೂ ಇದೇ ಜಾತಿಯ ಸೆನ್ಸರ್.

ನಾನು ತರಿಸಿದ್ದು ಎಂಎಲ್ಎಕ್ಸ್ 90614. ಅದರ ಕಿಟಕಿಯ ಹಿಂದೆ ಥರ್ಮೊಪೈಲ್ ಇರುತ್ತದೆ. ಎದುರಿನ ವಸ್ತು ಸೂಸುವ ಇನ್‌ಫ್ರಾರೆಡ್ ಕಿರಣ ಬಿದ್ದಾಗ ಅದು ಅತಿ ಸಣ್ಣ ವೋಲ್ಟೇಜ್ ಕೊಡುತ್ತದೆ, ಒಳಗಿನ ಚಿಪ್ ಅದನ್ನು ಅಂಕಿಯಾಗಿಸುತ್ತದೆ. ತನ್ನ ಮೈಯ ಉಷ್ಣತೆಯನ್ನೂ ಅದೇ ಹೇಳುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತುಂಬ ಕರಗುತ್ತಿರುವ ಮಂಜುಗಡ್ಡೆ ಇಟ್ಟು ಹಿಡಿದಾಗ ಸೊನ್ನೆಯ ಹತ್ತಿರಕ್ಕೇ ಬಂತು. ಹೊಳೆಯುವ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಯುತ್ತಿದ್ದರೂ ಪಾತ್ರೆಯ ಹೊರಮೈಗೆ ಹಿಡಿದರೆ ತಣ್ಣಗಿದೆ ಎಂದಿತು. ಹೊಳೆಯುವ ಲೋಹ ತನ್ನ ಶಾಖವನ್ನು ಸೂಸುವುದು ಬಹಳ ಕಡಿಮೆ, ಸುತ್ತಲಿನದನ್ನೇ ಪ್ರತಿಫಲಿಸುತ್ತದೆ. ಎಲೆ ಹಾಗಲ್ಲ, ಹೆಚ್ಚುಕಮ್ಮಿ ಪೂರ್ತಿಯಾಗಿ ಸೂಸುತ್ತದೆ. ಅಮ್ಮ ಒಲೆ ಪಕ್ಕ ನಿಂತು ಇದನ್ನೆಲ್ಲ ನೋಡಿ, “ಹಂಗಾದ್ರೆ ಇದು ಗಿಡಕ್ಕೆ ಜ್ವರ ನೋಡೋದು ಅನ್ನು” ಎಂದಳು. ನಾನು ಬರೆದ ಯಾವ ವಿವರಣೆಯೂ ಅಷ್ಟು ಚೆನ್ನಾಗಿರಲಿಲ್ಲ.

ಲಾಗರ್ ಸರಳವಾದದ್ದೇ: ಒಂದು ಮೈಕ್ರೊಕಂಟ್ರೋಲರ್, ಸಮಯ ಹಿಡಿದಿಡಲು ಬಟನ್ ಸೆಲ್ಲಿನ ಗಡಿಯಾರ, ಬರೆದಿಡಲು ಎಸ್‌ಡಿ ಕಾರ್ಡ್. ಸೆನ್ಸರ್‌ಗೆ ನಾಲ್ಕೇ ತಂತಿ, ಎರಡು ಕರೆಂಟಿಗೆ, ಎರಡು ಮಾತಿಗೆ. ಮೇಜಿನ ಮೇಲೆ ಅದು ರಾತ್ರಿಯಿಡೀ ಒಂದೂ ತಪ್ಪಿಲ್ಲದೆ ಬರೆಯಿತು. ತೋಟದಲ್ಲಿ ಗಿಡಗಳ ಮೇಲಿಂದ ನೆತ್ತಿ ನೋಡುವ ಹಾಗೆ ಜಿಐ ಪೈಪಿನ ಕಂಬ ನೆಟ್ಟು, ತುದಿಯಲ್ಲಿ ಸೆನ್ಸರ್ ಕಟ್ಟಿ, ಬೇಲಿಯ ಪಕ್ಕದಲ್ಲೇ ಕೇಬಲ್ ಎಳೆದು, ಕೆರೆ ದಂಡೆಯ ಮೋಟರ್ ಮನೆಯಲ್ಲಿ ಲಾಗರ್ ಇಟ್ಟೆವು. ಅಲ್ಲಿ ಬ್ಯಾಟರಿ ಇತ್ತು, ಬೀಗ ಇತ್ತು, ಮಳೆ ನೀರಿನ ಭಯ ಇರಲಿಲ್ಲ. ಅಲ್ಲಿಂದ ಶುರುವಾಯಿತು 1037.55.

ಕೆಲವು ಸಲ ಸರಿಯಾದ ಅಂಕಿ, ನಡುವೆ ಆ ಅಂಕಿ, ಆಮೇಲೆ ಲಾಗರ್ ಕಲ್ಲಾಗಿ ನಿಂತುಬಿಡುವುದು. ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಸ್ವಲ್ಪ ಹೊತ್ತು ಸರಿ. ಬೆಸುಗೆ ಬದಲಾಯಿಸಿದೆ, ಸೆನ್ಸರ್ ಬದಲಾಯಿಸಿದೆ. ಬೇಲೂರು ಬಸ್‌ಸ್ಟ್ಯಾಂಡ್ ಬಳಿ ಮೊಬೈಲ್ ರಿಪೇರಿ ಮಾಡುವ ಹುಡುಗ ತನ್ನ ಡಬ್ಬಿ ಕೆದಕಿ ಕಡಿಮೆ ಓಮ್‌ನ ರೆಸಿಸ್ಟರ್ ಹುಡುಕಿ ಕೊಟ್ಟ, ಕಾಸು ತೆಗೆದುಕೊಳ್ಳಲಿಲ್ಲ. ಅವನ್ನು ಹಾಕಿದ ಮೇಲೆ ಹಗಲು ಸುಮಾರಾಗಿ ನಡೆಯಿತು, ರಾತ್ರಿ ಮತ್ತೆ ಹಳೇ ಕಥೆ. ಈ ಹಗಲು ರಾತ್ರಿಯ ವ್ಯತ್ಯಾಸವೇ ನನ್ನನ್ನು ಕಾಡಿದ್ದು. ಇಬ್ಬನಿ ಎಂದುಕೊಂಡು ಡಬ್ಬಿಗೆಲ್ಲ ಸಿಲಿಕೋನ್ ಬಳಿದೆ. ಇರುವೆ ಇರಬಹುದು ಎಂದು ತೋಟದ ಕೆಲಸ ನೋಡಿಕೊಳ್ಳುವ ರೈಟ್ರು ಪೈಪಿನ ಬುಡಕ್ಕೆ ಪುಡಿ ಹಾಕಿದರು. ಒಂದು ಕಡೆ ಮೊಗ್ಗು ಬಲಿಯುತ್ತಿತ್ತು. ಅಕ್ಕಪಕ್ಕದ ತೋಟಗಳಲ್ಲಿ ಜೆಟ್ ಶುರುವಾಗಿದ್ದವು. “ಇನ್ನೆಷ್ಟು ದಿನ ಕಾಯೋಣ ಮಗ?” ಎಂದು ಚಿಕ್ಕಪ್ಪ ಒಮ್ಮೆ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಅಪ್ಪನ ಹಳೇ ಟ್ರಾನ್ಸಿಸ್ಟರಿನಿಂದ. ಒಂದು ಕಾಲದಲ್ಲಿ ಅದರಲ್ಲಿ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದರು. ಮೀಡಿಯಂ ವೇವ್ ರೇಡಿಯೊ ಹಿಡಿದು ನಡೆದರೆ ಕರೆಂಟಿನ ಗಲಾಟೆ ಎಲ್ಲಿದೆ ಎಂದು ಕಿವಿಗೇ ಕೇಳುತ್ತದೆ ಎಂದು ಕಾಲೇಜಿನಲ್ಲಿ ಕಲಿತದ್ದು ನೆನಪಾಯಿತು. ಸಂಜೆ ಅದನ್ನು ಹಿಡಿದು ಕೇಬಲ್ ಉದ್ದಕ್ಕೂ ನಡೆದೆ. ಮೋಟರ್ ಮನೆ ಹತ್ತಿರ ಬಂದಂತೆ ಟಿಕ್, ಟಿಕ್, ಟಿಕ್, ಸುಮಾರು ಸೆಕೆಂಡಿಗೊಂದು. ಸೋಲಾರ್ ಬೇಲಿ! ಅದರ ಮಿಷನ್ ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟ್‌ನ ಹೊಡೆತವನ್ನು ತಂತಿಗೆ ಬಿಡುತ್ತದೆ. ಅದು ಎಷ್ಟು ಕ್ಷಣಿಕವೆಂದರೆ ಮುಟ್ಟಿದ ಪ್ರಾಣಿ ಬೆದರುತ್ತದೆಯೇ ಹೊರತು ಸಾಯುವುದಿಲ್ಲ. ನಮ್ಮ ಕಡೆ ಆ ಬೇಲಿಯನ್ನು ಹಗಲು ಕೆಲಸದವರು ಓಡಾಡುವಾಗ ಆರಿಸಿ, ಸಂಜೆ ಹಾಕುತ್ತೇವೆ. ಅದರ ಪಕ್ಕದಲ್ಲೇ ಮಾರುಗಟ್ಟಲೆ ಓಡುವ ನನ್ನ ತಂತಿಯೊಳಗೆ ಪ್ರತಿ ಹೊಡೆತವೂ ಹಾರುತ್ತಿತ್ತು. ಸೆನ್ಸರ್‌ನ ಮಾತು ಮೂರ್ನಾಲ್ಕು ವೋಲ್ಟ್‌ನ ಪಿಸುಮಾತು, ಅದೂ ಅಂಗೈಯಗಲದ ದೂರಕ್ಕೆಂದು ಮಾಡಿದ್ದು. ಉದ್ದ ಕೇಬಲ್ಲಿನಲ್ಲಿ ಅದು ಮೊದಲೇ ಸೊರಗಿರುತ್ತದೆ.

ಇದು ನಿಜವೋ ಎಂದು ತಿಳಿಯಲು ಇದ್ದ ದಾರಿ ಒಂದೇ, ಒಂದು ರಾತ್ರಿ ಬೇಲಿ ಆರಿಸಿ ನೋಡುವುದು. ಕೇಳುವುದಕ್ಕೆ ಸುಲಭ. ಬಿಕ್ಕೋಡು, ಅರೇಹಳ್ಳಿ ಕಡೆಯವರಿಗೆ ಅದು ಯಾವ ಮಾತು ಎಂದು ಗೊತ್ತು. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಆನೆಗಳು ಈಗ ಬಂದು ಹೋಗುವ ಅತಿಥಿಗಳಲ್ಲ, ಇಲ್ಲೇ ಇರುವವು. 2014ರ ಆಸುಪಾಸಿನಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು, ಜಾಗ ಖಾಲಿ ಉಳಿಯಲಿಲ್ಲ. ಆ ಫೆಬ್ರವರಿಯ ಹೊತ್ತಿಗೆ ಅರ್ಜುನನ ಸಾವು ಇನ್ನೂ ಹಸಿಯಾಗಿತ್ತು. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ ಅದು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ತಿವಿತಕ್ಕೆ ಸಿಕ್ಕಿ ಸತ್ತಿತು. ನಮ್ಮ ಕೆಲಸದವರ ಲೈನ್ ಮನೆಗಳಲ್ಲಿ ಮಕ್ಕಳು ಅತ್ತಿದ್ದರು. ಅರ್ಜುನನಂಥ ಆನೆಗೇ ಹಾಗಾದರೆ ಮುಂಜಾನೆಯ ಕತ್ತಲಲ್ಲೇ ಕೆಲಸಕ್ಕೆ ನಡೆದು ಬರುವ ಹೆಂಗಸರ ಗತಿ ಏನು ಎಂದು ದೊಡ್ಡವರು ಕೇಳುತ್ತಿದ್ದರು. ಆ ಪ್ರಶ್ನೆ ಇವತ್ತಿಗೂ ಹಾಗೇ ಇದೆ.

ಅಂದು ಸಂಜೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ ವಾಟ್ಸಾಪಿಗೆ ಬಂದ ಸಂದೇಶದ ಪ್ರಕಾರ ಹಿಂಡು ನಮ್ಮಿಂದ ದೂರದ ತೋಟದಲ್ಲಿತ್ತು. ಚಿಕ್ಕಪ್ಪ ಪಕ್ಕದ ತೋಟದವರಿಗೆ ಫೋನ್ ಮಾಡಿ ತಿಳಿಸಿದರು. ಲೈನಿನಲ್ಲಿ ಕತ್ತಲಾದ ಮೇಲೆ ಯಾರೂ ಹೊರಗೆ ಬರಬೇಡಿ ಎಂದು ಹೇಳಿ ಬಂದರು. ಚಿಕ್ಕಪ್ಪ, ರೈಟ್ರು, ನಾನು ಮೋಟರ್ ಮನೆಗೆ ಹೋದೆವು. ಊಟದ ಹೊತ್ತಿಗೆ ಮನೆ ಸೇರುವ ಲೆಕ್ಕ. ಬೇಲಿಯ ಮಿಷನ್ ಇದ್ದದ್ದೂ ಅಲ್ಲೇ, ಲಾಗರ್ ಪಕ್ಕದ ಗೋಡೆಯಲ್ಲಿ. ಚಿಕ್ಕಪ್ಪನೇ ಸ್ವಿಚ್ ಆರಿಸಿದರು. ರೇಡಿಯೊದಲ್ಲಿ ಟಿಕ್ ಟಿಕ್ ನಿಂತಿತು. ಪರದೆಯಲ್ಲಿ 17.3, 17.3, 17.1. ಒಂದೂ ತಪ್ಪಿಲ್ಲ. ಇನ್ನೊಂದು ಗಂಟೆ ನೋಡೋಣ ಎಂದು ಕೂತೆವು.

ಮೊದಲು ಕೇಳಿದ್ದು ರೈಟ್ರಿಗೆ. ಮಾತಿನ ನಡುವೆ ಕೈ ಎತ್ತಿ ಸುಮ್ಮನಾಗಿಸಿದರು. ಗದ್ದೆ ಬಯಲಿನ ಕಡೆ ಬಿದಿರು ಮುರಿದ ಸದ್ದು. ಆಮೇಲೆ ನೀರಿನ ಸದ್ದು. ಬರದ ವರ್ಷ, ಸುತ್ತ ನೀರಿದ್ದ ಕೆರೆ ನಮ್ಮದೊಂದೇ. ಹಿಂಡು ಎಲ್ಲಿಂದ ಹೊರಟು ಎಲ್ಲಿಗೆ ಬಂತೋ, ಬೇರೆಯದೇ ಹಿಂಡೋ, ಈಗ ಹೇಳಲಾರೆ. ರೈಟ್ರು ದೀಪ ಆರಿಸಿದರು. ನಾನು ಪರದೆ ಮಡಚಿದೆ. ಕಬ್ಬಿಣದ ಬಾಗಿಲಿನ ಸಂದಿಯಲ್ಲಿ ನೋಡಿದರೆ ಕೆರೆ ಏರಿಯ ಮೇಲೆ ಕತ್ತಲಿಗಿಂತ ಕಪ್ಪಾದ ಬೆನ್ನುಗಳು. ನಡುವೆ ಒಂದು ಮರಿ.

ಚಿಕ್ಕಪ್ಪನ ಕೈ ಬೇಲಿಯ ಸ್ವಿಚ್ಚಿನ ಮೇಲೆ ಹೋಯಿತು. ಅಷ್ಟರಲ್ಲಿ ರೈಟ್ರು ಕಾರ್ಯಪಡೆಯವರಿಗೆ ಫೋನ್ ಹಚ್ಚಿದ್ದರು. ಸಿಗ್ನಲ್ ಬಂದು ಹೋಗುತ್ತಿತ್ತು. ಆ ಕಡೆಯ ದನಿ ಹೇಳಿದ್ದು ನನಗೂ ಕೇಳಿಸಿತು: “ಬೇಲಿ ಹಾಕ್ಬೇಡಿ. ಒಳಗಿವೆ. ಹಾಕಿದ್ರೆ ಹೊರಗೆ ಹೋಗಕ್ಕಾಗದೆ ರೊಚ್ಚಿಗೇಳ್ತವೆ. ಟಾರ್ಚ್ ಬಿಡ್ಬೇಡಿ, ಕೂಗ್ಬೇಡಿ. ಮರಿ ಇದೆ ಅಂತೀರಿ, ಬಾಗ್ಲು ತೆಗೀಲೇಬೇಡಿ. ನಾವು ರಸ್ತೆಗೆ ಬರ್ತೀವಿ.” ಚಿಕ್ಕಪ್ಪ ಕೈ ತೆಗೆದರು. ಐವತ್ತು ವರ್ಷದಿಂದ ಈ ತೋಟದಲ್ಲಿ ಎಲ್ಲ ತೀರ್ಮಾನ ತಾವೇ ಮಾಡಿದವರು. ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ಕತ್ತಲಲ್ಲೂ ತಿಳಿಯುತ್ತಿತ್ತು. ರೈಟ್ರು ಪಿಸುದನಿಯಲ್ಲೇ ಲೈನಿಗೆ ಫೋನ್ ಮಾಡಿ, ಒಂದೊಂದು ಮನೆಯವರ ಹೆಸರು ಹೇಳಿ, ಎಲ್ಲರೂ ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡರು. ತಮ್ಮ ಮನೆಯವರನ್ನು ಕೊನೆಯಲ್ಲಿ ಕೇಳಿದರು.

ಆಮೇಲಿನದು ಕಾಯುವುದು. ಹೀಗೆ ಕಾದವರು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಮಂದಿ ಇದ್ದಾರೆ, ಅವರು ಯಾರೂ ಬರೆಯುವುದಿಲ್ಲ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆನೆ ಹತ್ತಿರ ಬಂದಾಗ ಮೊದಲು ತಿಳಿಯುವುದು ವಾಸನೆ. ಆಮೇಲೆ ಹೊಟ್ಟೆಯೊಳಗಿನ ಗುಡುಗು, ಅದು ಕಿವಿಗಿಂತ ಎದೆಗೆ ಕೇಳುತ್ತದೆ. ಅಷ್ಟು ದೊಡ್ಡ ಜೀವ ಹೆಜ್ಜೆ ಇಟ್ಟರೆ ಸದ್ದೇ ಇಲ್ಲ. ಜೆಟ್ ಪೈಪಿನ ರಾಶಿ ತುಳಿದಾಗ ಮಾತ್ರ ಅಲ್ಯೂಮಿನಿಯಂ ನುಜ್ಜುಗುಜ್ಜಾಗುವ ಸದ್ದು. ಒಂದು ಸಲ ಶೀಟಿನ ಮಾಡಿನ ಮೇಲೆ ಏನೋ ಸವರಿಕೊಂಡು ಹೋಯಿತು, ನಿಧಾನವಾಗಿ, ಅಂಚಿನಿಂದ ಅಂಚಿಗೆ. ಒಂದು ಸಲ ಬಾಗಿಲು ಒಳಕ್ಕೆ ಒತ್ತಿ ಮತ್ತೆ ಬಿಟ್ಟಿತು. ರೈಟ್ರು ಬಾಯಲ್ಲಿ ಸೆರಗಿನಂತೆ ಟವೆಲ್ ಕಚ್ಚಿಕೊಂಡಿದ್ದರು. ನಾನು ಉಸಿರು ಬಿಡುವುದಕ್ಕೂ ಹೆದರಿದ್ದೆ. ಸಾಯುತ್ತೇನೆ ಎನ್ನುವ ಯೋಚನೆ ಬಂದಾಗ ಮನಸ್ಸು ದೊಡ್ಡ ವಿಷಯಗಳನ್ನೇನೂ ನೆನೆಯಲಿಲ್ಲ. ಅಮ್ಮ ನಮಗೆಂದು ಅನ್ನ ಮುಚ್ಚಿಟ್ಟು ಕಾಯುತ್ತಿರುತ್ತಾಳೆ ಎಂದಷ್ಟೇ.

ನಡುರಾತ್ರಿ ದಾಟಿದ ಮೇಲೆ ಚಿಕ್ಕಪ್ಪನಿಗೆ ಕೈ ನಡುಗಲು ಶುರುವಾಯಿತು. ಭಯಕ್ಕೆ ಎಂದುಕೊಂಡೆ. ಮುಟ್ಟಿದರೆ ಮೈಯೆಲ್ಲ ತಣ್ಣನೆ ಬೆವರು. ಅವರಿಗೆ ಸಕ್ಕರೆ ಕಾಯಿಲೆ, ಸಂಜೆ ಮಾತ್ರೆ ತೆಗೆದುಕೊಂಡು ಬಂದಿದ್ದರು, ಊಟ ಆಗಿರಲಿಲ್ಲ. ಮಾತು ತೊದಲುತ್ತಿತ್ತು. ಬಾಗಿಲಾಚೆ ಹತ್ತು ಹೆಜ್ಜೆಯಲ್ಲಿ ಆನೆ, ಈಚೆ ಸಕ್ಕರೆ ಇಳಿದು ಕಣ್ಣು ಮುಚ್ಚುತ್ತಿರುವ ಚಿಕ್ಕಪ್ಪ. ಆ ಹೊತ್ತಿನಷ್ಟು ಅಸಹಾಯಕತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ರೈಟ್ರ ಚೀಲದಲ್ಲಿ ಫ್ಲಾಸ್ಕ್ ಇತ್ತು, ತಳದಲ್ಲಿ ಬೆಲ್ಲದ ಕಾಫಿ ಉಳಿದಿತ್ತು. ಮುಚ್ಚಳ ತಿರುಗಿಸುವ ಕಿರ್ ಸದ್ದಿಗೂ ನಿಂತು, ಕಿವಿಗೊಟ್ಟು, ಮತ್ತೆ ತಿರುಗಿಸಿ, ತುಟಿಗೆ ಹಚ್ಚಿದೆವು. ಗುಟುಕು ಗುಟುಕಾಗಿ ಕುಡಿಸಿದೆವು. ಎಲೆ ಅಡಿಕೆಯ ಪೊಟ್ಟಣದ ಜೊತೆ ಒಂದು ಉಂಡೆ ಬೆಲ್ಲವೂ ಇತ್ತು, ಅದನ್ನು ಒಸಡಿಗೆ ಇಟ್ಟರು ರೈಟ್ರು. ಬಹಳ ಹೊತ್ತಿನ ಮೇಲೆ ಚಿಕ್ಕಪ್ಪ ನನ್ನ ಮೊಣಕೈ ಹಿಡಿದರು. ಹಿಡಿತದಲ್ಲಿ ಬಲ ಬಂದಿತ್ತು.

ಬೆಳಕು ಹರಿಯುವ ಮೊದಲೇ ಹಿಂಡು ಮೇಲಿನ ತೋಟದ ಕಡೆಗೆ ಏರಿ ಹೋಯಿತು. ಕಾರ್ಯಪಡೆಯವರು ಜೀಪ್ ರಸ್ತೆಯಲ್ಲಿ ಬಿಟ್ಟು ನಡೆದು ಬಂದು ಬಾಗಿಲು ತಟ್ಟಿದರು. ಅವರಲ್ಲಿ ಒಬ್ಬ ಇನ್ನೂ ಮೀಸೆ ಚಿಗುರದ ಹುಡುಗ. ರಾತ್ರಿಯಿಡೀ ರಸ್ತೆಯಲ್ಲಿ ನಿಂತು, ನಾವು ಸುಮ್ಮನಿರುವಂತೆ ಆಗಾಗ ಫೋನಿನಲ್ಲಿ ಧೈರ್ಯ ಹೇಳುತ್ತಿದ್ದ ದನಿ ಅವನದೇ. ಅವರಿಗೆ ಸಿಗುವ ಸಂಬಳ, ಅವರ ಕೈಯಲ್ಲಿರುವ ಸಲಕರಣೆ ನೋಡಿದರೆ ನಮಗೆ ನಾಚಿಕೆಯಾಗಬೇಕು.

ಕಂಬ ವಾಲಿತ್ತು. ಕೇಬಲ್ ಎರಡು ಕಡೆ ತುಂಡಾಗಿತ್ತು. ಜೆಟ್ ಪೈಪುಗಳಲ್ಲಿ ಅರ್ಧಕ್ಕರ್ಧ ಹೋಗಿದ್ದವು. ಗಿಡಗಳು ಅಷ್ಟಾಗಿ ಹಾಳಾಗಿರಲಿಲ್ಲ. ಚಿಕ್ಕಪ್ಪನನ್ನು ಬೇಲೂರಿನಲ್ಲಿ ಡಾಕ್ಟರಿಗೆ ತೋರಿಸಿ, ಮನೆಗೆ ತಂದು ಮಲಗಿಸಿದ ಮೇಲೆ ಸಂಜೆ ಕಾರ್ಡ್ ತೆಗೆದು ನೋಡಿದೆ. ತಂತಿ ಹರಿಯುವವರೆಗೂ ಅಂಕಿಗಳು ಸರಿಯಾಗಿದ್ದವು. ಎಲೆ ಮೆಲ್ಲಗೆ ತಂಪಾಗುತ್ತ 15ರ ಹತ್ತಿರ ಬಂದಿತ್ತು. ಒಂದೂವರೆ ಗಂಟೆಯ ಸುಮಾರಿಗೆ ಇದ್ದಕ್ಕಿದ್ದಂತೆ 21, 23, 24. ಕೆಲವು ನಿಮಿಷ ಹಾಗೇ ಇದ್ದು ಮತ್ತೆ 15. ಕಂಬದ ಕೆಳಗೆ ಆನೆಯೊಂದು ನಿಂತು ಹೋಗಿತ್ತು, ಅದರ ಬೆನ್ನಿನ ಬಿಸಿಯನ್ನು ಸೆನ್ಸರ್ ಬರೆದಿತ್ತು. ಹಾಗೆ ಇನ್ನೊಮ್ಮೆ. ಎರಡೂ ಮುಕ್ಕಾಲರ ನಂತರ ಕಡೆಯವರೆಗೂ 1037.55, ತಂತಿ ಹರಿದದ್ದು ಆಗ. ಬೇಲಿಯೇ ಕಾರಣ ಎನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಕಿರಲಿಲ್ಲ. ಫೈಲನ್ನು ಚಿಕ್ಕಪ್ಪನಿಗೆ ತೋರಿಸಿದಾಗ 24 ಇದ್ದ ಸಾಲುಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ಮರಿದಲ್ಲ, ತಾಯಿದು. ಮರಿ ಅಷ್ಟೆತ್ತರಕ್ಕೆ ಮುಟ್ಟಲ್ಲ” ಎಂದರು.

ಬೇಲಿ ಆರಿಸುವ ಮಾತು ಇನ್ನು ಬರುವಂತಿರಲಿಲ್ಲ. ಬೇಲಿ ಹೊಡೆಯುತ್ತಿರುವಾಗಲೇ ಅಳತೆ ಸರಿಯಾಗಬೇಕು. ಸೆನ್ಸರ್‌ನ ಪಕ್ಕದಲ್ಲೇ, ಕಂಬದ ಮೇಲಿನ ಡಬ್ಬಿಯಲ್ಲಿ, ಇನ್ನೊಂದು ಸಣ್ಣ ಮೈಕ್ರೊಕಂಟ್ರೋಲರ್ ಇಟ್ಟೆ. ಅಂಗೈಯಗಲದ ತಂತಿಯಲ್ಲಿ ಅದು ಸೆನ್ಸರ್ ಓದುತ್ತದೆ. ಓದಿದ್ದನ್ನು ಆರ್‌ಎಸ್ 485 ಎಂಬ ಪದ್ಧತಿಯಲ್ಲಿ, ಒಂದಕ್ಕೊಂದು ಹೆಣೆದ ಜೋಡಿ ತಂತಿಯಲ್ಲಿ ಮೋಟರ್ ಮನೆಗೆ ಕಳಿಸುತ್ತದೆ. ಇದರಲ್ಲಿ ಲಾಗರ್ ನೋಡುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಬೇಲಿಯ ಹೊಡೆತ ಎರಡಕ್ಕೂ ಸಮನಾಗಿ ಬೀಳುವುದರಿಂದ ಕಳೆದುಹೋಗುತ್ತದೆ. ಕಾರ್ಖಾನೆಗಳಲ್ಲಿ ದೊಡ್ಡ ಮೋಟರುಗಳ ಗಲಾಟೆಯ ನಡುವೆ ಬಳಸುವ ಹಳೆಯ, ನಂಬಿಕೆಯ ಪದ್ಧತಿ. ಪ್ರತಿ ಓದಿನ ಜೊತೆ ತಾಳೆ ನೋಡುವ ಅಂಕಿಯೊಂದನ್ನೂ ಕಳಿಸುತ್ತದೆ, ಹೊಂದದಿದ್ದರೆ ಲಾಗರ್ ಮತ್ತೆ ಕೇಳುತ್ತದೆ. ಕೇಬಲ್ಲನ್ನು ಬೇಲಿಯಿಂದ ದೂರ ಸರಿಸಿ ಪೈಪಿನೊಳಗೆ ಹಾಕಿ ಹೂಳಿದೆವು. ಬೇಲಿ ಮಿಷನ್ನಿನ ಅರ್ಥಿಂಗ್ ಸರಳನ್ನು ಬೇರೆ ಕಡೆಗೆ ಸಾಗಿಸಿದೆವು.

ಅಂದಿನಿಂದ ಬೇಲಿ ರಾತ್ರಿಯಿಡೀ ಹೊಡೆಯುತ್ತದೆ, ಅಂಕಿ ಬರುತ್ತಲೇ ಇರುತ್ತದೆ. ಮಧ್ಯಾಹ್ನ ಒಂದರಿಂದ ಎರಡರವರೆಗಿನ ಎಲೆಯ ಬಿಸಿಯಿಂದ ಗಾಳಿಯ ಬಿಸಿ ಕಳೆದು ದಿನವೂ ಒಂದು ಸಾಲು ಪುಸ್ತಕದಲ್ಲಿ ಬರೆದೆವು. ಗುಡ್ಡದ ನೆತ್ತಿಯ ಗಿಡಗಳು ಗಾಳಿಗಿಂತ ಸ್ಪಷ್ಟವಾಗಿ ಬಿಸಿಯಾಗಿದ್ದವು. ಕೆರೆ ಬದಿಯವು ಇನ್ನೂ ಬಾಡಿರಲಿಲ್ಲ, ಅವುಗಳ ಬೇರು ಎಲ್ಲೋ ಪಸೆ ಹುಡುಕಿಕೊಂಡಿತ್ತು. ಮೊಗ್ಗು ಹದಕ್ಕೆ ಬಂದಿದೆಯೇ ಎಂದು ಸೆನ್ಸರ್ ಹೇಳುವುದಿಲ್ಲ. ಅದನ್ನು ರೈಟ್ರು ಗಿಡದಿಂದ ಗಿಡಕ್ಕೆ ಹೋಗಿ, ಗೆಣ್ಣು ತಿರುಗಿಸಿ ನೋಡಿ ಹೇಳಿದರು. ಅವರ ಮಾತು, ಪುಸ್ತಕದ ಸಾಲು ಎರಡನ್ನೂ ಇಟ್ಟುಕೊಂಡು ನೆತ್ತಿಯ ಭಾಗಕ್ಕೆ ಮೊದಲು ಜೆಟ್ ಹಾಕಿದೆವು, ಪಕ್ಕದ ತೋಟದವರು ಕೊಟ್ಟ ಪೈಪುಗಳಲ್ಲಿ. ನೀರು ಬಿದ್ದ ಮರುದಿನದ ಮಧ್ಯಾಹ್ನ ಅಲ್ಲಿನ ಎಲೆ ಗಾಳಿಗಿಂತ ತಂಪಾಗಿತ್ತು. ವಾರ ಕಳೆಯುತ್ತಲೇ ಹೂ ಬಂತು. ಉಳಿದ ನೀರನ್ನು ಆ ಭಾಗದ ಬ್ಯಾಕಿಂಗ್‌ಗೆ ಇಟ್ಟು, ಕೆರೆ ಬದಿಯನ್ನು ಮಳೆಗೆ ಬಿಟ್ಟೆವು.

ಮೋಟರ್ ಮನೆಯ ಹಿಂಗೋಡೆಗೆ ಈಗ ಇನ್ನೊಂದು ಬಾಗಿಲು ಮಾಡಿಸಿದ್ದೇವೆ. ಬೆಲ್ಲದ ಡಬ್ಬಿ ಮತ್ತು ನೀರಿನ ಕ್ಯಾನ್ ಒಳಗೇ ಇರುತ್ತವೆ. ಬೇಲಿಯ ಸ್ವಿಚ್ಚನ್ನು ಮನೆಗೆ ತಂದು ಹಾಕಿಸಿಕೊಂಡಿದ್ದೇವೆ. ಲೈನ್ ಮನೆಗಳಿಂದ ತೋಟಕ್ಕೆ ಬರುವ ದಾರಿಗೆ ದೀಪ ಬೇಕೆಂದು ರೈಟ್ರು ಕೇಳಿದ್ದಾರೆ, ಈ ಸಲದ ಕಾಫಿ ಮಾರಿದ ದುಡ್ಡಿನಲ್ಲಿ ಮೊದಲ ಖರ್ಚು ಅದೇ. ಎರಡನೇ ಸೆನ್ಸರಿನ ಕಂಬ ಆಮೇಲೆ.